ಪಾವ್ಲೋವಿಯನ್ ಅಂದರೇನು? ಪದೇ ಪದೇ ಕೇಳುವ ಪ್ರಶ್ನೆಗಳು

‘ಅವರದ್ದು ಪಾವ್ಲೋವಿಯನ್ ಪ್ರತಿಕ್ರಿಯೆ’ ಎಂಬ ಮಾತು ರಾಜಕೀಯ ಚರ್ಚೆಯಲ್ಲಿ ಬರುತ್ತದೆ, ಮೊಬೈಲ್ ಚಟದ ಬಗ್ಗೆ ಬರೆದ ಲೇಖನದಲ್ಲೂ ಬರುತ್ತದೆ. ಓದಿದವರಿಗೆ ಒಂದು ನಾಯಿ, ಒಂದು ಗಂಟೆ, ಒಂದಷ್ಟು ಜೊಲ್ಲು ನೆನಪಾಗುತ್ತದೆ. ಅಷ್ಟಕ್ಕೇ ನಿಂತರೆ ಪದದ ಅರ್ಧ ಅರ್ಥ ಕೈತಪ್ಪುತ್ತದೆ. ಈ ಪದದ ಬಗ್ಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಚಿಕ್ಕದಾಗಿ ಹೇಳಿ, ಪಾವ್ಲೋವಿಯನ್ ಅಂದರೆ ಏನು?

ಒಂದು ಗುರುತು ಕಂಡ ಕೂಡಲೇ, ಅದರ ಹಿಂದೆ ಬರಲಿರುವುದಕ್ಕೆ ಮೈ ತಾನಾಗಿ ಸಿದ್ಧವಾಗುವುದು. ಹಾಗೆ ಸಿದ್ಧವಾಗುವುದನ್ನು ಮೈ ಅನುಭವದಿಂದ ಕಲಿತಿರುತ್ತದೆ.

ನಿಂಬೆರಸ ನಾಲಿಗೆಗೆ ಬಿದ್ದಾಗ ಜೊಲ್ಲು ಸುರಿಯುತ್ತದೆ. ಅದು ಹುಟ್ಟುಗುಣ, ಯಾರೂ ಕಲಿಸಬೇಕಾಗಿಲ್ಲ. ಬೇರೆ ಯಾರೋ ನಿಂಬೆಹಣ್ಣು ಕತ್ತರಿಸುವುದನ್ನು ನೋಡಿದರೇ ಬಾಯಲ್ಲಿ ನೀರೂರುತ್ತದಲ್ಲ, ಅದು ಪಾವ್ಲೋವಿಯನ್. ನಿಂಬೆಯ ರುಚಿಯನ್ನೇ ಕಾಣದ ಮಗುವಿನ ಮುಂದೆ ಹಣ್ಣು ಕತ್ತರಿಸಿದರೆ ಅದು ಸುಮ್ನೆ ನೋಡುತ್ತಾ ಕೂರುತ್ತದೆ.

ಪಠ್ಯಪುಸ್ತಕಗಳಲ್ಲಿ ಇದಕ್ಕೆ ಅನುಬಂಧಿತ ಪ್ರತಿಕ್ರಿಯೆ ಎನ್ನುತ್ತಾರೆ. ಕಲಿಯುವ ಆ ಬಗೆಗೆ ಶಾಸ್ತ್ರೀಯ ಅನುಬಂಧನ ಎಂಬ ಹೆಸರಿದೆ. ಮಾತಿನಲ್ಲಿ ಇವೆರಡೂ ಅಷ್ಟಾಗಿ ಓಡಾಡುವುದಿಲ್ಲ. ಹಾಗಾಗಿ ವಿಜ್ಞಾನಿಯ ಹೆಸರೇ ಪದವಾಗಿ ಉಳಿದಿದೆ.

ಯಾರು ಈ ಪಾವ್ಲೋವ್?

ಇವಾನ್ ಪೆಟ್ರೋವಿಚ್ ಪಾವ್ಲೋವ್. 1849ರಲ್ಲಿ ರಷ್ಯಾದ ರಿಯಾಜಾನ್‌ನಲ್ಲಿ ಹುಟ್ಟಿದರು. ತಂದೆ ಚರ್ಚಿನ ಪಾದ್ರಿ. ಮಗನೂ ಅದೇ ದಾರಿ ಹಿಡಿಯಲಿ ಎಂದು ಪಾದ್ರಿಗಳನ್ನು ತಯಾರು ಮಾಡುವ ಶಾಲೆಗೆ ಕಳಿಸಿದರು. ಮಗ ಅದನ್ನು ಬಿಟ್ಟು 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ವಿಜ್ಞಾನ ಓದಲು ಹೊರಟರು. 1936ರಲ್ಲಿ ತೀರಿಕೊಂಡಾಗ ಅವರಿಗೆ 86 ವರ್ಷ.

ಅವರಿಗೆ 1904ರಲ್ಲಿ ನೊಬೆಲ್ ಬಂತು. ಈ ಜೊಲ್ಲಿನ ಕಲಿಕೆಗಾಗಿಯೇ ಬಂತು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಇನ್ನೊಂದು ವಿಷಯ: ಪಾವ್ಲೋವ್ ತಮ್ಮನ್ನು ಮನಶ್ಶಾಸ್ತ್ರಜ್ಞ ಎಂದು ಕರೆದುಕೊಂಡವರಲ್ಲ. ಅವರು ಶರೀರಶಾಸ್ತ್ರದವರು. ನಾಯಿಯ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದನ್ನು ತಮ್ಮ ಪ್ರಯೋಗಾಲಯದಲ್ಲಿ ಅವರು ಇಷ್ಟಪಡುತ್ತಿರಲಿಲ್ಲ.

ನಾಯಿಗಳ ಪ್ರಯೋಗದಲ್ಲಿ ನಿಜವಾಗಿ ನಡೆದದ್ದೇನು?

ಮೊದಲಿಗೆ ಅದು ಕಲಿಕೆಯ ಪ್ರಯೋಗವೇ ಆಗಿರಲಿಲ್ಲ. ಯಾವ ಆಹಾರಕ್ಕೆ ಎಷ್ಟು ರಸ ಒಸರುತ್ತದೆ ಎಂದು ಅಳೆಯುವ ಕೆಲಸ ನಡೆಯುತ್ತಿತ್ತು. ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ನಾಯಿಯ ಜೊಲ್ಲುಗ್ರಂಥಿಯ ನಾಳದ ತುದಿಯನ್ನು ಕೆನ್ನೆಯ ಹೊರಗೆ ತಂದಿದ್ದರು. ಹೀಗೆ ಮಾಡಿದರೆ ಜೊಲ್ಲನ್ನು ಹನಿ ಹನಿಯಾಗಿ ಎಣಿಸಬಹುದು.

ಆಗ ಒಂದು ಕಿರಿಕಿರಿ ಶುರುವಾಯಿತು. ಆಹಾರ ಬಾಯಿಗೆ ಬೀಳುವ ಮೊದಲೇ ಜೊಲ್ಲು ಬರುತ್ತಿತ್ತು. ತಟ್ಟೆ ಕಂಡರೆ ಬರುತ್ತಿತ್ತು. ಊಟ ಹಾಕುವವನ ಹೆಜ್ಜೆ ಸದ್ದಿಗೂ ಬರುತ್ತಿತ್ತು. ಅಳತೆ ಕೆಡಿಸುವ ಈ ಜೊಲ್ಲಿಗೆ ಅವರು ಮೊದಲು ‘ಮಾನಸಿಕ ಸ್ರಾವ’ ಎಂಬ ಹೆಸರಿಟ್ಟರು. ಅದನ್ನು ತಪ್ಪಿಸಲು ನೋಡಬಹುದಿತ್ತು. ಪಾವ್ಲೋವ್ ಅದರ ಬೆನ್ನು ಹತ್ತಿದರು. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದೇ. 1903ರಲ್ಲಿ ಮ್ಯಾಡ್ರಿಡ್‌ನ ವೈದ್ಯಕೀಯ ಸಮ್ಮೇಳನದಲ್ಲಿ ಅವರು ಇದರ ಬಗ್ಗೆ ಮಾತಾಡಿದರು. ಉಳಿದ ಬದುಕಿನ ದೊಡ್ಡ ಪಾಲು ಇದಕ್ಕೇ ಹೋಯಿತು.

ಪ್ರಯೋಗದ ಕ್ರಮ ಸರಳ. ನಾಯಿಗೆ ಏನೂ ಅಲ್ಲದ ಒಂದು ಸದ್ದು ಕೇಳಿಸುತ್ತಾರೆ. ಹಿಂದೆಯೇ ಮಾಂಸದ ಪುಡಿ ಕೊಡುತ್ತಾರೆ. ಇದನ್ನು ಹಲವು ಸಲ ಮಾಡುತ್ತಾರೆ. ಆಮೇಲೆ ಬರೀ ಸದ್ದು ಮಾಡಿದರೂ ಜೊಲ್ಲಿನ ಹನಿ ಬೀಳುತ್ತದೆ. ಕ್ರಮ ತಿರುವು ಮುರುವಾದರೆ, ಅಂದರೆ ಮೊದಲು ಆಹಾರ ಕೊಟ್ಟು ಆಮೇಲೆ ಸದ್ದು ಮಾಡಿದರೆ, ನಾಯಿ ಹೆಚ್ಚೇನೂ ಕಲಿಯುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಯಿಗಳ ಕಷ್ಟವನ್ನೂ ಮರೆಯುವ ಹಾಗಿಲ್ಲ. 1914ರಲ್ಲಿ ಪಾವ್ಲೋವ್ ಬಳಿ ಕೆಲಸ ಮಾಡುತ್ತಿದ್ದ ಶೆಂಗರ್-ಕ್ರೆಸ್ತೋವ್ನಿಕೋವಾ ಒಂದು ನಾಯಿಗೆ ವೃತ್ತ ಕಂಡರೆ ಊಟ, ಅಂಡಾಕಾರ ಕಂಡರೆ ಊಟ ಇಲ್ಲ ಎಂದು ಕಲಿಸಿದರು. ಆಮೇಲೆ ಅಂಡಾಕಾರವನ್ನು ಸ್ವಲ್ಪ ಸ್ವಲ್ಪವೇ ವೃತ್ತದ ಹತ್ತಿರ ತಂದರು. ಉದ್ದ ಅಗಲ 9ಕ್ಕೆ 8ರಷ್ಟಾದಾಗ ನಾಯಿಗೆ ಯಾವುದು ಯಾವುದೆಂದು ತಿಳಿಯದಾಯಿತು. ವಾರಗಟ್ಟಲೆ ಪ್ರಯತ್ನ ನಡೆಯಿತು. ಕಡೆಗೆ ಶಾಂತವಾಗಿದ್ದ ನಾಯಿ ಕಿರುಚತೊಡಗಿತು, ಕಟ್ಟಿದ ಪಟ್ಟಿಗಳನ್ನು ಕಚ್ಚತೊಡಗಿತು. ಮೊದಲು ಸುಲಭವಾಗಿ ಹೇಳುತ್ತಿದ್ದ ವ್ಯತ್ಯಾಸವೂ ಮರೆತುಹೋಯಿತು.

ಗಂಟೆ ಬಾರಿಸಿದ್ದು ಕಟ್ಟುಕಥೆಯಂತೆ, ಹೌದಾ?

ಪೂರ್ತಿ ಕಟ್ಟುಕಥೆ ಅಲ್ಲ. ಗಂಟೆ, ಬಜರ್ ಎರಡೂ ಬಳಕೆಯಲ್ಲಿದ್ದವು. ಆದರೆ ಮೆಟ್ರೊನೋಮ್, ಹಾರ್ಮೋನಿಯಂ, ಬೆಳಕು, ಚರ್ಮಕ್ಕೆ ಮುಟ್ಟಿಸುವ ಸಾಧನಗಳು, ವಿದ್ಯುತ್ ಶಾಕ್ ಇವೂ ಇದ್ದವು. ಮೆಟ್ರೊನೋಮ್ ಅಂದರೆ ಸಂಗೀತಗಾರರು ತಾಳ ಹಿಡಿಯಲು ಇಡುವ ಟಕ್ ಟಕ್ ಯಂತ್ರ. ಅದರ ವೇಗವನ್ನು ಬೇಕಾದಷ್ಟೇ ಹೆಚ್ಚು ಕಡಿಮೆ ಮಾಡಬಹುದು, ಹಾಗಾಗಿ ಪ್ರಯೋಗಕ್ಕೆ ಅನುಕೂಲ. ಎಲ್ಲವನ್ನೂ ಬಿಟ್ಟು ಜನರ ನೆನಪಿನಲ್ಲಿ ಗಂಟೆ ಮಾತ್ರ ನಿಂತಿತು.

ಪುಸ್ತಕದ ಪದಗಳು ತಲೆ ತಿನ್ನುತ್ತವೆ. ಬಿಡಿಸಿ ಹೇಳ್ತೀರಾ?

ನಾಲ್ಕೇ ಪದ. ಆಹಾರ ಅನನುಬಂಧಿತ ಪ್ರಚೋದನೆ, ಅದಕ್ಕೆ ಬರುವ ಜೊಲ್ಲು ಅನನುಬಂಧಿತ ಪ್ರತಿಕ್ರಿಯೆ. ಸದ್ದು ಅನುಬಂಧಿತ ಪ್ರಚೋದನೆ, ಸದ್ದಿಗೆ ಬರುವ ಜೊಲ್ಲು ಅನುಬಂಧಿತ ಪ್ರತಿಕ್ರಿಯೆ. ‘ಅನನು’ ಇರುವ ಕಡೆಯೆಲ್ಲ ‘ಕಲಿಯದೆ ಬಂದದ್ದು’ ಎಂದು ಓದಿಕೊಳ್ಳಿ. ಅಷ್ಟು ಸಾಕು.

ದಿನದ ಮಾತಿನಲ್ಲಿ ಈ ಪದವನ್ನು ಎಲ್ಲಿ ಬಳಸಿದರೆ ಸರಿ?

ಮೂರು ಸಂಗತಿ ನೋಡಿ. ಪ್ರತಿಕ್ರಿಯೆ ತಾನಾಗಿ ಬಂದಿದೆಯೇ? ಅದನ್ನು ಎಬ್ಬಿಸಿದ ಗುರುತು ತನ್ನಷ್ಟಕ್ಕೆ ಏನೂ ಅಲ್ಲದ್ದೇ? ಆ ಗುರುತಿನ ಹಿಂದೆ ಬೇರೊಂದು ಸಂಗತಿ ಬಂದ ಹಳೆಯ ಅನುಭವ ಇದೆಯೇ? ಮೂರಕ್ಕೂ ಹೌದು ಎಂದಾದರೆ ಧೈರ್ಯವಾಗಿ ಬಳಸಿ.

ಹಲ್ಲಿನ ವೈದ್ಯರ ಕೋಣೆಯಿಂದ ಡ್ರಿಲ್ಲಿನ ಸದ್ದು ಕೇಳುತ್ತದೆ. ಹೊರಗೆ ಬೆಂಚಿನ ಮೇಲೆ ಕೂತವರ ಭುಜ ಬಿಗಿಯುತ್ತದೆ, ಅಂಗೈ ಬೆವರುತ್ತದೆ. ಸದ್ದಿನಿಂದ ಯಾರಿಗೂ ನೋವಾಗುವುದಿಲ್ಲ, ಅದರ ಹಿಂದೆ ನೋವು ಬಂದ ನೆನಪು ಮೈಗಿದೆ. ಇದು ಪಕ್ಕಾ ಪಾವ್ಲೋವಿಯನ್. ಬೆಳಗಿನ ಅಲಾರಂಗೆ ಇಟ್ಟ ರಾಗವೇ ಮಧ್ಯಾಹ್ನ ಬೇರೆ ಯಾರದ್ದೋ ಫೋನಿನಲ್ಲಿ ಕೇಳಿದರೆ ಎದೆ ಧಸಕ್ಕೆನ್ನುವುದೂ ಅದೇ ಜಾತಿ. ಬೈಯುವ ಮೇಲಧಿಕಾರಿಯ ಹೆಸರು ಫೋನಿನ ಪರದೆಯ ಮೇಲೆ ಮಿಂಚಿದ ಕೂಡಲೇ ಹೊಟ್ಟೆಯಲ್ಲಿ ಸಂಕಟವಾಗುವುದೂ ಅದೇ.

ಇನ್ನು ತಪ್ಪಾಗಿ ಬಳಸುವುದನ್ನು ನೋಡೋಣ. ‘ಬಿಸಿ ಪಾತ್ರೆ ಮುಟ್ಟಿ ಪಾವ್ಲೋವಿಯನ್ ಆಗಿ ಕೈ ಎಳೆದುಕೊಂಡ’ ಎನ್ನುತ್ತಾರೆ. ಕೈ ಎಳೆದುಕೊಳ್ಳುವುದು ಹುಟ್ಟಿನಿಂದ ಬಂದ ಪರಾವರ್ತಿತ ಕ್ರಿಯೆ, ಅಲ್ಲಿ ಪಾವ್ಲೋವ್‌ಗೆ ಕೆಲಸ ಇಲ್ಲ. ‘ಆ ಪಕ್ಷದವರು ಏನು ಹೇಳಿದರೂ ಇವರು ಪಾವ್ಲೋವಿಯನ್ ಆಗಿ ವಿರೋಧಿಸುತ್ತಾರೆ’ ಎಂಬುದು ರೂಪಕವಾಗಿ ನಡೆಯುತ್ತದೆ, ಅದರಾಚೆಗೆ ಇಲ್ಲ. ಹೇಳಿಕೆ ಬರೆದು, ತಿದ್ದಿ, ಪತ್ರಿಕಾಗೋಷ್ಠಿ ಕರೆದು ವಿರೋಧಿಸುವುದರಲ್ಲಿ ಯೋಚನೆ ಬೇಕಾದಷ್ಟಿದೆ. ಆ ಹೆಸರು ಕೇಳಿದ ಕೂಡಲೇ ಮುಖ ಕೆಂಪಾಗುತ್ತದಲ್ಲ, ಅದಷ್ಟು ಪಾವ್ಲೋವಿಯನ್.

ಅಭ್ಯಾಸ, ಚಟ, ಪಾವ್ಲೋವಿಯನ್ ಇವೆಲ್ಲ ಒಂದೇ ಅಲ್ವಾ?

ಅಲ್ಲ. ಜಾಸ್ತಿ ಗೊಂದಲ ಇರುವುದು ಇಲ್ಲೇ.

ನಾವು ಮಾಡಿದ ಕೆಲಸದಿಂದ ಫಲ ಸಿಕ್ಕಿ, ಆ ಫಲಕ್ಕಾಗಿ ಮತ್ತೆ ಅದೇ ಕೆಲಸ ಮಾಡುವುದು ಬೇರೆ ಬಗೆಯ ಕಲಿಕೆ. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಇದನ್ನು ತೋರಿಸಿದ್ದರು. ಬೆಕ್ಕು ಹೇಗೋ ಚಿಲಕ ತೆಗೆದು ಹೊರಬಂದು ಆಹಾರ ತಿನ್ನುತ್ತದೆ. ಮುಂದಿನ ಸಲ ಇನ್ನೂ ಬೇಗ ತೆಗೆಯುತ್ತದೆ. ಬಿ.ಎಫ್. ಸ್ಕಿನ್ನರ್ ಇದನ್ನೇ ಮುಂದೆ ಬೆಳೆಸಿದರು. ಇದಕ್ಕೆ ಕ್ರಿಯಾಜನ್ಯ ಅನುಬಂಧನ ಎನ್ನುತ್ತಾರೆ. ಪಾವ್ಲೋವ್‌ನ ನಾಯಿ ಆಹಾರ ಪಡೆಯಲು ಏನನ್ನೂ ಮಾಡಬೇಕಾಗಿರಲಿಲ್ಲ. ಜೊಲ್ಲು ಸುರಿಸಿದರೂ ಆಹಾರ ಬರುತ್ತಿತ್ತು, ಸುರಿಸದಿದ್ದರೂ ಬರುತ್ತಿತ್ತು.

ಮೊಬೈಲನ್ನೇ ತೆಗೆದುಕೊಳ್ಳಿ. ಟಿಂಗ್ ಎಂದ ಕೂಡಲೇ ಮನಸ್ಸು ಅತ್ತ ಎಳೆಯುವುದು, ಎದೆಯಲ್ಲಿ ಸಣ್ಣ ಪುಳಕ ಏಳುವುದು ಪಾವ್ಲೋವಿಯನ್. ಕೈ ಚಾಚಿ ತೆರೆದು ನೋಡುವುದು ಸ್ಕಿನ್ನರ್ ಕಡೆಯದ್ದು, ಯಾಕೆಂದರೆ ಅದು ಮಾಡಿದ್ದಕ್ಕೆ ಸಿಕ್ಕ ಫಲದಿಂದ ಬೆಳೆದದ್ದು. ನಿಜ ಬದುಕಿನಲ್ಲಿ ಎರಡೂ ಹೆಣೆದುಕೊಂಡಿರುತ್ತವೆ. ಚಟಗಳು ಬಿಡದಿರುವುದಕ್ಕೆ ಅದೂ ಒಂದು ಕಾರಣ.

ಎಷ್ಟು ಸಲ ಆದರೆ ಮೈ ಕಲಿಯುತ್ತದೆ?

ಏನನ್ನು ಕಲಿಯಬೇಕು ಎಂಬುದರ ಮೇಲೆ ನಿಂತಿದೆ. ಕಣ್ಣಿಗೆ ಗಾಳಿ ಊದುವ ಮೊದಲು ಒಂದು ಸದ್ದು ಮಾಡುತ್ತಾ ಬಂದರೆ, ಸದ್ದಿಗೇ ರೆಪ್ಪೆ ಮುಚ್ಚುವುದನ್ನು ಕಲಿಯಲು ಹತ್ತಾರು ಸಲವಾದರೂ ಬೇಕು. ಸದ್ದಿಗೂ ಗಾಳಿಗೂ ಅಂತರ ಬಹಳ ಕಡಿಮೆ ಇರಬೇಕು, ಅರ್ಧ ಸೆಕೆಂಡಿನ ಆಸುಪಾಸು. ಅಂತರ ಹೆಚ್ಚಾದಷ್ಟೂ ಕಲಿಕೆ ಕಷ್ಟ.

ರುಚಿಯ ವಿಷಯ ಬಂದರೆ ಈ ಲೆಕ್ಕ ಎಲ್ಲ ತಲೆಕೆಳಗು. ಏನೋ ತಿಂದು, ಗಂಟೆಗಳ ನಂತರ ವಾಂತಿಯಾದರೆ ಆ ರುಚಿ ವರ್ಷಗಟ್ಟಲೆ ಬೇಡವಾಗಬಹುದು. ಒಂದೇ ಸಲ ಸಾಕು. ಕಾಯಿಲೆಗೆ ಕಾರಣ ಆ ತಿಂಡಿ ಅಲ್ಲ, ಜ್ವರ ಎಂದು ಗೊತ್ತಿದ್ದರೂ ಹೊಟ್ಟೆ ಕೇಳುವುದಿಲ್ಲ. ಜಾನ್ ಗಾರ್ಸಿಯಾ ಮತ್ತು ಜೊತೆಗಾರರು 1955ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಸ್ಯಾಕರಿನ್ ಬೆರೆಸಿದ ಸಿಹಿ ನೀರು ಕುಡಿಯುವ ಹೊತ್ತಿಗೆ ವಿಕಿರಣ ತಾಕಿಸಿದ ಇಲಿಗಳು ಮುಂದೆ ಸಿಹಿ ನೀರನ್ನು ದೂರ ಮಾಡಿದವು. 1966ರ ಇನ್ನೊಂದು ಪ್ರಯೋಗ ಇನ್ನೂ ಸೊಗಸು. ಇಲಿ ನೀರು ನೆಕ್ಕಿದಾಗ ರುಚಿಯ ಜೊತೆಗೆ ಬೆಳಕು, ಸದ್ದು ಕೂಡ ಬರುವಂತೆ ಮಾಡಿದ್ದರು. ಕೆಲವು ಇಲಿಗಳಿಗೆ ಹೊಟ್ಟೆ ಕೆಡಿಸಿದರು, ಕೆಲವಕ್ಕೆ ಶಾಕ್ ಕೊಟ್ಟರು. ಹೊಟ್ಟೆ ಕೆಟ್ಟ ಇಲಿಗಳು ರುಚಿಯನ್ನು ದೂರ ಮಾಡಿದವು. ಶಾಕ್ ತಿಂದ ಇಲಿಗಳು ಬೆಳಕು ಮತ್ತು ಸದ್ದನ್ನು ದೂರ ಮಾಡಿದವು. ಹೊಟ್ಟೆ ತೊಳಸಿದರೆ ತಿಂದದ್ದರ ಮೇಲೆ ಅನುಮಾನ, ಮೈಗೆ ನೋವಾದರೆ ಕಂಡದ್ದು ಕೇಳಿದ್ದರ ಮೇಲೆ ಅನುಮಾನ. ಯಾವುದನ್ನು ಯಾವುದಕ್ಕೆ ಬೇಕಾದರೂ ಗಂಟು ಹಾಕಬಹುದು ಎಂಬ ಹಳೆಯ ನಂಬಿಕೆಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು.

ಇದು ಆಸ್ಪತ್ರೆಯಲ್ಲೂ ಮುಖ್ಯ. ಕ್ಯಾನ್ಸರ್ ಚಿಕಿತ್ಸೆಯ ಔಷಧಿಗಳಿಂದ ವಾಂತಿಯಾಗುತ್ತದೆ. ಚಿಕಿತ್ಸೆಗೆ ಮುಂಚೆ ಹೊಸ ರುಚಿಯ ಐಸ್‌ಕ್ರೀಂ ತಿಂದ ಮಕ್ಕಳಿಗೆ ಆಮೇಲೆ ಆ ಐಸ್‌ಕ್ರೀಂ ಬೇಡವಾಯಿತು ಎಂದು ಐಲೀನ್ ಬರ್ನ್‌ಸ್ಟೀನ್ 1978ರಲ್ಲಿ ತೋರಿಸಿದರು. ಕೆಲವು ರೋಗಿಗಳಿಗಂತೂ ಆಸ್ಪತ್ರೆಯ ವಾಸನೆ ಬಡಿದರೇ ಹೊಟ್ಟೆ ತೊಳಸುತ್ತದೆ, ಔಷಧಿ ಇನ್ನೂ ಮೈ ಸೇರಿರುವುದಿಲ್ಲ. ‘ಎಲ್ಲಾ ಮನಸ್ಸಿನ ಆಟ’ ಎಂದು ಅವರಿಗೆ ಹೇಳುವುದು ತಪ್ಪು. ಮೈ ಕಲಿತ ಪಾಠ ಅದು.

ಭಯವೂ ಹೀಗೇ ಹುಟ್ಟುತ್ತದೆಯೇ?

ಕೆಲವು ಭಯಗಳು ಹೌದು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ‘ಪುಟ್ಟ ಆಲ್ಬರ್ಟ್’. ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ 1920ರಲ್ಲಿ ಪ್ರಕಟಿಸಿದ ಪ್ರಯೋಗ. ಮಗು ಬಿಳಿ ಇಲಿಯನ್ನು ಮುಟ್ಟಲು ಹೋದಾಗೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿದರು. ಮಗು ಇಲಿ ಕಂಡರೇ ಅಳತೊಡಗಿತು. ಮೊಲ, ತುಪ್ಪಳದ ಕೋಟು ಕಂಡರೂ ಹೆದರಿತು. ಒಂದೇ ಮಗುವಿನ ಮೇಲೆ ನಡೆದ, ಅಳತೆಯೂ ಅಷ್ಟು ಬಿಗಿಯಿಲ್ಲದ ಪ್ರಯೋಗ ಇದು. ಕ್ರೂರವೂ ಹೌದು. ಭಯವನ್ನು ಬಿಡಿಸದೆಯೇ ಮಗುವನ್ನು ಕಳಿಸಿಬಿಟ್ಟರು. ಇದಕ್ಕೆ ಸಿಕ್ಕ ಪ್ರಸಿದ್ಧಿ ಇದರ ಯೋಗ್ಯತೆಗಿಂತ ಬಹಳ ದೊಡ್ಡದು ಎಂದೇ ನನ್ನ ಅನಿಸಿಕೆ.

ಅಷ್ಟು ಪ್ರಸಿದ್ಧಿ ಸಿಗಬೇಕಿದ್ದದ್ದು ಮೇರಿ ಕವರ್ ಜೋನ್ಸ್ ಅವರಿಗೆ. 1924ರಲ್ಲಿ ಅವರು ಪೀಟರ್ ಎಂಬ ಪುಟ್ಟ ಹುಡುಗನ ಮೊಲದ ಭಯವನ್ನು ಬಿಡಿಸಿದ ವರದಿ ಪ್ರಕಟಿಸಿದರು. ಹುಡುಗ ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಡುವುದು, ದಿನೇ ದಿನೇ ಸ್ವಲ್ಪ ಹತ್ತಿರ ತರುವುದು. ಕಡೆಗೆ ಅವನು ಮೊಲದ ಜೊತೆ ಆಡಿದ. ಮುಂದೆ 1950ರ ದಶಕದಲ್ಲಿ ಜೋಸೆಫ್ ವೋಲ್ಪೆ ಬೆಳೆಸಿದ ಚಿಕಿತ್ಸೆಯ ಬೇರು ಇಲ್ಲಿದೆ. ಇವತ್ತಿಗೂ ಎತ್ತರ, ಜೇಡ, ವಿಮಾನ ಇವುಗಳ ಭಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಚಿಕಿತ್ಸೆಯನ್ನೇ ಕೊಡುತ್ತಾರೆ.

ಹಾಗಾದರೆ ಜಾಹೀರಾತಿನವರು ನಮ್ಮನ್ನು ಹೀಗೇ ಕುಣಿಸುತ್ತಾರಾ?

ಪ್ರಯತ್ನವಂತೂ ನಡೆಯುತ್ತದೆ. ಅದೇ ವಾಟ್ಸನ್ ವಿಶ್ವವಿದ್ಯಾಲಯ ಬಿಟ್ಟ ಮೇಲೆ ಜೆ. ವಾಲ್ಟರ್ ಥಾಂಪ್ಸನ್ ಎಂಬ ಜಾಹೀರಾತು ಕಂಪನಿ ಸೇರಿದ್ದು ಸುಳ್ಳಲ್ಲ. ಚಂದದ ಮುಖ, ನಗುವ ಮಗು, ಇಂಪಾದ ರಾಗ ಇವುಗಳ ಪಕ್ಕದಲ್ಲಿ ಸೋಪು ಇಟ್ಟರೆ ಆ ಹಿತ ಸೋಪಿಗೂ ಸ್ವಲ್ಪ ಅಂಟುತ್ತದೆ. ಸ್ವಲ್ಪ ಮಾತ್ರ. ಸೋಪು ಕೈ ಉರಿಸಿದರೆ ನಗುವ ಮಗು ಕಾಪಾಡುವುದಿಲ್ಲ. ಜನರನ್ನು ಬೊಂಬೆಗಳಂತೆ ಆಡಿಸಬಹುದು ಎಂಬ ಹೆದರಿಕೆ ಅತಿಯಾಯಿತು.

ಒಮ್ಮೆ ಅಂಟಿದ್ದು ಬಿಟ್ಟು ಹೋಗುತ್ತದೆಯೇ?

ಸದ್ದು ಮಾಡಿ ಆಹಾರ ಕೊಡದೇ ಇರಿ. ಹಲವು ಸಲದ ನಂತರ ಜೊಲ್ಲು ನಿಲ್ಲುತ್ತದೆ. ಇದಕ್ಕೆ ವಿಲೋಪ ಎನ್ನುತ್ತಾರೆ. ಆದರೆ ಮರುದಿನ ಮತ್ತೆ ಸದ್ದು ಮಾಡಿದರೆ ಒಂದಷ್ಟು ಜೊಲ್ಲು ವಾಪಸ್ ಬರುತ್ತದೆ. ಅಂದರೆ ಹಳೆಯ ಪಾಠ ಅಳಿಸಿಹೋಗಿಲ್ಲ, ‘ಈಗ ಆಹಾರ ಇಲ್ಲ’ ಎಂಬ ಹೊಸ ಪಾಠ ಅದರ ಮೇಲೆ ಕೂತಿದೆ. ಬೇರೆ ಕೋಣೆಗೆ ಹೋದರೂ ಹಳೆಯದು ತಲೆ ಎತ್ತಬಹುದು. ಚಿಕಿತ್ಸೆಯ ಕೋಣೆಯಲ್ಲಿ ಹೋದ ಭಯ ಬೀದಿಯಲ್ಲಿ ಮತ್ತೆ ಬಂದರೆ ಚಿಕಿತ್ಸೆ ಸೋತಿತು ಎಂದು ಕೈಚೆಲ್ಲಬೇಕಿಲ್ಲ. ಬೇರೆ ಬೇರೆ ಜಾಗದಲ್ಲಿ ಅಭ್ಯಾಸ ಮಾಡಿಸುವುದು ಇದಕ್ಕಾಗಿಯೇ.

‘ಪಾವ್ಲೋವ್‌ನ ನಾಯಿ’ ಎಂದು ಬೈಯುವುದು ಸರಿಯೇ?

ಬೈಗುಳವಾಗಿ ಚೆನ್ನಾಗಿ ತಾಕುತ್ತದೆ, ನಿಜ. ಆದರೆ ಅದರ ಹಿಂದಿನ ತಿಳುವಳಿಕೆ ತಪ್ಪು. ‘ಯೋಚಿಸಲಾರದ ದಡ್ಡ ಪ್ರಾಣಿ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಪಾವ್ಲೋವ್‌ನ ನಾಯಿ ದಡ್ಡತನದ ಗುರುತಲ್ಲವೇ ಅಲ್ಲ.

ಮೊದಲು ಆಹಾರ, ಆಮೇಲೆ ಸದ್ದು ಎಂದಾದರೆ ನಾಯಿ ಹೆಚ್ಚೇನೂ ಕಲಿಯುವುದಿಲ್ಲ ಎಂದೆವಲ್ಲ, ಯಾಕೆ? ಆ ಸದ್ದಿನಿಂದ ಮುಂದೆ ಬರುವುದರ ಸುಳಿವು ಸಿಗುವುದಿಲ್ಲ. ಎರಡು ಸಂಗತಿ ಜೊತೆಗೆ ನಡೆದರೆ ಸಾಲದು, ಒಂದರಿಂದ ಇನ್ನೊಂದರ ಸುಳಿವು ಸಿಗಬೇಕು. ರಾಬರ್ಟ್ ರೆಸ್ಕೋರ್ಲಾ 1960ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಸದ್ದು ಇದ್ದಾಗ ಎಷ್ಟು ಶಾಕ್ ಬರುತ್ತದೋ ಸದ್ದು ಇಲ್ಲದಾಗಲೂ ಅಷ್ಟೇ ಬಂದರೆ ಇಲಿ ಸದ್ದಿಗೆ ಹೆದರುವುದಿಲ್ಲ. ಎರಡೂ ಎಷ್ಟೋ ಸಲ ಜೊತೆಗೆ ಬಂದಿದ್ದರೂ ಹೆದರುವುದಿಲ್ಲ. ಅದೇ ದಶಕದ ಕೊನೆಯಲ್ಲಿ ಲಿಯಾನ್ ಕಾಮಿನ್ ಇನ್ನೊಂದು ತೋರಿಸಿದರು. ಸದ್ದಿನಿಂದಲೇ ಶಾಕ್ ಬರುವುದು ಗೊತ್ತಾಗುತ್ತಿದ್ದರೆ, ಸದ್ದಿನ ಜೊತೆ ಹೊಸದಾಗಿ ಸೇರಿಸಿದ ಬೆಳಕನ್ನು ಇಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸ ಸುದ್ದಿ ಇಲ್ಲದ ಕಡೆ ಕಲಿಕೆಯೂ ಇಲ್ಲ.

ಇದು ಮೋಡ ನೋಡಿ ಒಣಹಾಕಿದ ಬಟ್ಟೆ ಎತ್ತಿಡುವಂಥ ಕೆಲಸ. ವ್ಯತ್ಯಾಸ ಇಷ್ಟೇ, ಇಲ್ಲಿ ಮೈ ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಊಟ ಬರುವ ಮೊದಲೇ ಜೊಲ್ಲು ಸಿದ್ಧವಾದರೆ ಜೀರ್ಣಕ್ಕೆ ಅನುಕೂಲ ಅಲ್ವಾ?

ಮೈ ಸಿದ್ಧವಾಗುವುದು ಅಷ್ಟು ಮುಖ್ಯವೇ?

ಜೀವ ಉಳಿಸುವಷ್ಟು, ತೆಗೆಯುವಷ್ಟು. ಶೆಪರ್ಡ್ ಸೀಗಲ್ ಮತ್ತು ಜೊತೆಗಾರರು 1982ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಇಲಿಗಳಿಗೆ ಹೆರಾಯಿನ್ ಕೊಟ್ಟು ಅಭ್ಯಾಸ ಮಾಡಿಸಿದರು. ಆಮೇಲೆ ಅವಕ್ಕೂ, ಅಭ್ಯಾಸವೇ ಇಲ್ಲದ ಬೇರೆ ಇಲಿಗಳಿಗೂ ಬಹಳ ದೊಡ್ಡ ಪ್ರಮಾಣ ಕೊಟ್ಟರು. ಮೊದಲ ಸಲ ಹೆರಾಯಿನ್ ಪಡೆದ ಇಲಿಗಳಲ್ಲಿ ಶೇ. 96ರಷ್ಟು ಸತ್ತವು. ಅಭ್ಯಾಸವಾಗಿದ್ದು, ಎಂದಿನ ಜಾಗದಲ್ಲೇ ಪಡೆದವುಗಳಲ್ಲಿ ಸತ್ತದ್ದು ಸುಮಾರು ಶೇ. 32. ಅಷ್ಟೇ ಅಭ್ಯಾಸವಿದ್ದರೂ ಬೇರೆ ಜಾಗದಲ್ಲಿ ಪಡೆದವುಗಳಲ್ಲಿ ಶೇ. 64. ಪರಿಚಿತ ಜಾಗ ಕಂಡಾಗ ಮೈ ಔಷಧಿಯ ಹೊಡೆತಕ್ಕೆ ಎದುರಾಗಿ ಮೊದಲೇ ಸಜ್ಜಾಗುತ್ತದೆ. ಹೊಸ ಜಾಗದಲ್ಲಿ ಆ ಸುಳಿವು ಸಿಗುವುದಿಲ್ಲ. ಮಾದಕ ವಸ್ತುವಿಗೆ ಒಗ್ಗಿದವರೂ ಮಾಮೂಲಿ ಪ್ರಮಾಣಕ್ಕೇ ಯಾಕೆ ಸಾಯುತ್ತಾರೆ ಎಂಬ ಒಗಟಿಗೆ ಇದು ಒಂದು ಉತ್ತರ. ಇಲ್ಲಿ ಗಮನಿಸಿ, ಕಲಿತ ಪ್ರತಿಕ್ರಿಯೆ ಮೂಲ ಪ್ರತಿಕ್ರಿಯೆಯ ನಕಲಾಗಿಲ್ಲ, ಅದರ ವಿರುದ್ಧ ದಿಕ್ಕಿನಲ್ಲಿದೆ.

ಇದನ್ನು ನಮ್ಮ ಒಳ್ಳೆಯದಕ್ಕೆ ಬಳಸಿಕೊಳ್ಳಬಹುದೇ?

ಬಳಸಿಕೊಳ್ಳಬಹುದು. ನಿದ್ದೆ ಬಾರದವರಿಗೆ ಹೇಳುವ ಒಂದು ಹಳೆಯ ವಿಧಾನ ಇದರಿಂದ ಬಂದದ್ದು. ರಿಚರ್ಡ್ ಬೂಟ್ಜಿನ್ 1972ರಲ್ಲಿ ಅದನ್ನು ಮುಂದಿಟ್ಟರು. ಹಾಸಿಗೆಯಲ್ಲಿ ಕೂತು ಕೆಲಸ, ಫೋನು, ಚಿಂತೆ ಎಲ್ಲ ನಡೆಸಿದರೆ ಹಾಸಿಗೆ ಎಚ್ಚರದ ಗುರುತಾಗುತ್ತದೆ. ಹಾಗಾಗಿ ನಿದ್ದೆ ತೂಗಿದಾಗ ಮಾತ್ರ ಮಲಗಿ. ಸ್ವಲ್ಪ ಹೊತ್ತಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ತೂಗಿದಾಗ ವಾಪಸ್ ಬನ್ನಿ. ಬೆಳಿಗ್ಗೆ ದಿನಾ ಒಂದೇ ಹೊತ್ತಿಗೆ ಏಳಿ. ಮೊದಲ ಕೆಲವು ರಾತ್ರಿ ಹಿಂಸೆ ಅನಿಸುತ್ತದೆ. ಬಿಡದೆ ಮಾಡಿದರೆ ಹಾಸಿಗೆ ಮತ್ತೆ ನಿದ್ದೆಯ ಗುರುತಾಗುತ್ತಾ ಬರುತ್ತದೆ.

ಬರೆಯುವಾಗ ಯಾವ ರೂಪ ಒಳ್ಳೆಯದು?

ಕಥೆ, ಅಂಕಣ, ಹರಟೆಯಲ್ಲಿ ‘ಪಾವ್ಲೋವಿಯನ್’ ಸಾಕು. ಪರೀಕ್ಷೆಯಲ್ಲಿ, ಪಾಠದಲ್ಲಿ ‘ಅನುಬಂಧಿತ ಪ್ರತಿಕ್ರಿಯೆ’ ಬರೆಯಿರಿ. ‘ಪಾವ್ಲೋವ್’ ಮತ್ತು ‘ಪಾವ್ಲೊವ್’ ಎರಡೂ ಕಾಣುತ್ತವೆ, ಒಂದು ಬರಹದಲ್ಲಿ ಒಂದನ್ನೇ ಉಳಿಸಿಕೊಂಡರೆ ಆಯಿತು. ಓದುಗರಿಗೆ ಹೆಸರು ಗೊತ್ತಿಲ್ಲ ಅನಿಸಿದರೆ ಪದವನ್ನೇ ಬಿಟ್ಟು ‘ಸದ್ದು ಕೇಳಿದರೇ ಮೈ ಬಿಗಿಯಿತು’ ಎಂದು ಬರೆಯಿರಿ. ಎಷ್ಟೋ ಸಲ ಅದೇ ಹೆಚ್ಚು ಚೆನ್ನಾಗಿರುತ್ತದೆ.